ಆಟದೊಳಗಿನ ಹೊಲ: ಏನು ಬದಲಾಗಬೇಕು, ಏನು ಉಳಿಯಬೇಕು

ಇವತ್ತಿನ ಟಿಪ್ಪಣಿ ರೋಗದ್ದಲ್ಲ, ಗೊಬ್ಬರದ್ದೂ ಅಲ್ಲ, ಕಂಪ್ಯೂಟರ್ ಆಟದ್ದು. ನಗಬೇಡಿ, ವಿಷಯ ನಮ್ಮದೇ.

‘ಫಾರ್ಮಿಂಗ್ ಸಿಮ್ಯುಲೇಟರ್’ ಅಂತ ಒಂದು ಆಟ. ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ಕಂಪನಿ 2008ರಲ್ಲಿ ಶುರು ಮಾಡಿದ್ದು. ಉಳು, ಬಿತ್ತು, ಕೊಯ್ಯಿ, ಮಾರು, ಬಂದ ದುಡ್ಡಲ್ಲಿ ಇನ್ನೂ ದೊಡ್ಡ ಟ್ರ್ಯಾಕ್ಟರ್ ತಗೋ. ಒಂದರ ಮೇಲೊಂದು ಆವೃತ್ತಿ ಬಂದರೂ ಈ ಬುನಾದಿ ಬದಲಾಗಿಲ್ಲ. ಆಡೋರಲ್ಲೇ ಎರಡು ಪಕ್ಷ. ಹಳೇದಕ್ಕೇ ಬಣ್ಣ ಹೊಡೆದು ಮತ್ತೆ ಮಾರ್ತಾರೆ ಅಂತ ಒಬ್ಬರು. ಚೆನ್ನಾಗಿರೋದನ್ನ ಯಾಕೆ ಕೆಡಿಸಬೇಕು ಅಂತ ಇನ್ನೊಬ್ಬರು.

ನನ್ನ ಲೆಕ್ಕ ಇಷ್ಟೇ: ಬುನಾದಿ ಇರಲಿ, ಎಲ್ಲಿ ಸುಳ್ಳಿದೆಯೋ ಅಲ್ಲಿ ಬದಲಾಗಲಿ.

ಬಹಳ ವರ್ಷ ಆ ಆಟದಲ್ಲಿ ಯಾವಾಗ ಬೇಕಾದ್ರೂ ಬಿತ್ತಬಹುದಿತ್ತು. ಮಳೆ ನಕ್ಷತ್ರ ಎಣಿಸಿ, ಹದ ನೋಡಿ ಬಿತ್ತೋ ನಮಗೆ ಅದು ಬೇಸಾಯ ಅನ್ನಿಸೋದೇ ಇಲ್ಲ. ಈ ಕೊರತೆ ಮೊದಲು ತುಂಬಿದ್ದು ಕಂಪನಿಯಲ್ಲ, ಆಡೋರೇ. ಋತುಮಾನ ತರೋ ‘ಮಾಡ್’ ಒಂದನ್ನ ತಾವೇ ಬರೆದು ಹಂಚಿದರು. 2021ರಲ್ಲಿ ಬಂದ ‘ಫಾರ್ಮಿಂಗ್ ಸಿಮ್ಯುಲೇಟರ್ 22’ರಲ್ಲಿ ಕಂಪನಿಯೇ ಋತುಗಳನ್ನ ತಂತು. ಒಂದೊಂದು ಬೆಳೆಗೂ ಬಿತ್ತೋ ತಿಂಗಳು, ಕೊಯ್ಯೋ ತಿಂಗಳು ಬಂತು. ಬೇಡ ಅನ್ನೋರು ಅದನ್ನ ಆಫ್ ಮಾಡಿ ಹಳೇ ಥರಾನೇ ಆಡಬಹುದು. ನನಗೆ ಹಿಡಿಸಿದ್ದು ಇದೇ, ಹಳಬರನ್ನ ಹೊರಗೆ ತಳ್ಳದೆ ಹೊಸದು ತಂದರು.

2024ರ ಆವೃತ್ತಿಯಲ್ಲಿ ಭತ್ತ ಬಂತು, ಎಮ್ಮೆ ಬಂತು. ಗದ್ದೆಗೆ ನೀರು ನಿಲ್ಲಿಸಬೇಕು, ಯಂತ್ರದಲ್ಲಿ ಸಸಿ ನಾಟಿ ಮಾಡಬೇಕು. ಅಲ್ಲೀವರೆಗೂ ಹೆಚ್ಚಾಗಿ ಯುರೋಪು, ಅಮೆರಿಕದ ಗೋಧಿ, ಮುಸುಕಿನ ಜೋಳದ ಹೊಲಗಳೇ ಇದ್ದವು. ನಮ್ಮ ಎಷ್ಟೋ ಮಕ್ಕಳು ಕೆಸರಿಗೆ ಇಳಿಯೋ ಮೊದಲು ಬೇಸಾಯ ನೋಡೋದು ಪರದೆ ಮೇಲೆ. ಅಲ್ಲಿ ಗದ್ದೆನೇ ಇಲ್ಲದಿದ್ರೆ, ನಮ್ಮದು ಬೇಸಾಯವೇ ಅಲ್ಲ ಅಂದುಕೊಳ್ತಾರೆ.

ನಮಗೇನು ಇದು ಹೊಸ ಪಾಠ ಅಲ್ಲ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕ್ರಾಸ್ ಮಾಡಿ ಇಂಡಾಫ್ ತಳಿ ತಂದರು. ಇಳುವರಿ ಏರಿತು, ಮುದ್ದೆ ಮಾತ್ರ ಮುದ್ದೆಯಾಗೇ ಉಳೀತು. ಮುದ್ದೆ ಕಟ್ಟೋಕೆ ಬರದ ರಾಗಿ ಎಷ್ಟು ಬೆಳೆದರೇನು?

ಆದರೆ ಸುಳ್ಳೆಲ್ಲ ತೆಗೆದುಬಿಟ್ರೂ ಕಷ್ಟ. ಆ ಆಟದಲ್ಲಿ ಈಗಲೂ ಕರೆದ ತಕ್ಷಣ ಆಳು ಸಿಗ್ತಾರೆ! ಅದನ್ನೂ ನಿಜ ಮಾಡಿದ್ರೆ ಆಡೋರು ಉಳೀತಾರಾ? ನೀವೇ ಹೇಳಿ.