ಪ್ರವೇಶವಿಲ್ಲ

ಶ್ರೀರಂಗಪಟ್ಟಣದ ನಮ್ಮ ಮನೆಯ ಅಟ್ಟದಲ್ಲಿ ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಇವುಗಳ ನಡುವೆ 2004ರಲ್ಲಿ ಅಪ್ಪ ಕೊಂಡ ಕಂಪ್ಯೂಟರು ಇತ್ತು. ಅಪ್ಪ ಮೇಷ್ಟರಾಗಿದ್ದವರು. ನಿವೃತ್ತಿಯ ಹಣದಲ್ಲಿ ಉಳಿದವರು ನಿವೇಶನ ಕೊಂಡರೆ, ಇವರು ಇದನ್ನು ಕೊಂಡರು. ಅಮ್ಮ ನಾಗಮಂಗಲದ ಕಡೆಯವಳು. ಅವಳು ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳನ್ನೆಲ್ಲ ಕೂರಿಸಿಕೊಂಡು ಕೇಳಿ, ಒಂದೇ ಬೆರಳಿನಲ್ಲಿ ಕುಟ್ಟಿ ಅದರೊಳಗೆ ಸೇರಿಸಿದರು. ಈಗ ಇಬ್ಬರೂ ಇಲ್ಲ.

ಮೊನ್ನೆ ನನ್ನ ಮಗಳು ಅಜ್ಜಿಯ ಪದ ಬೇಕೆಂದಳು. ಪೆಟ್ಟಿಗೆಯನ್ನು ಇಳಿಸಿ, ಧೂಳು ಕೊಡವಿ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಡಿಸ್ಕ್ ಸಿಗಲಿಲ್ಲವೆಂಬ ಅರ್ಥದ ಒಂದು ಸಾಲು ಇಂಗ್ಲಿಷು ಮೂಡಿ ಅಲ್ಲಿಗೇ ನಿಂತಿತು. ರಿಪೇರಿಯವರೊಬ್ಬರು ನೋಡಿ, "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಹೊಸದರ ಹಾಗಾಗುತ್ತೆ" ಎಂದರು. ಬೀರುವಿನ ಕೀಲಿ ಸಿಗದಿದ್ದರೆ ಒಳಗಿನ ಪತ್ರಗಳನ್ನು ಸುಟ್ಟು ಬೀರುವನ್ನು ಉಳಿಸಿಕೊಳ್ಳುವ ಉಪಾಯ!

ಪಾಂಡವಪುರದಲ್ಲಿ ನನ್ನ ಅಕ್ಕನ ಮಗನಿದ್ದಾನೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿದ್ದ ಕೆ.ಆರ್. ಪೇಟೆಯ ಹಿರಿಯರೊಬ್ಬರು, "ಏನು ಸ್ವಾಮಿ ಇದು?" ಎಂದರು. "ಹಾಡಿನ ಪೆಟ್ಟಿಗೆ" ಎಂದೆ. "ಹಾರ್ಮೋನಿಯಂ ಇಷ್ಟು ಎತ್ತರ ಇರೋದಿಲ್ಲವಲ್ಲ" ಎಂದು ಇಳಿಯುವವರೆಗೂ ನನ್ನನ್ನು ಅನುಮಾನದಿಂದಲೇ ನೋಡಿದರು.

ಹುಡುಗ ಡಿಸ್ಕಿಗೆ ಕಿವಿ ಕೊಟ್ಟ. "ಒಂದೇ ಸಮ ತಿರುಗ್ತಿದೆ ಮಾವ. ಟಕ್ ಟಕ್ ಅಂದಿದ್ದರೆ ಮುಟ್ಟುತ್ತಲೇ ಇರಲಿಲ್ಲ" ಎಂದ. ತಟ್ಟೆಯನ್ನು ಓದುವ ಮುಳ್ಳು ಕೆಟ್ಟಿದ್ದರೆ ಹಾಗೆ ಬಡಿದುಕೊಳ್ಳುತ್ತದಂತೆ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ತಟ್ಟೆಗೇ ಅಪಾಯ. ನಾನು ಮನೆಯಲ್ಲಿ ಹನ್ನೆರಡು ಸಲ ಗುಂಡಿ ಒತ್ತಿದ್ದನ್ನು ಹೇಳಲಿಲ್ಲ. ಬಿಲ್ಲೆಯಂಥ ಬ್ಯಾಟರಿ ಸತ್ತು ಯಂತ್ರ 2002ಕ್ಕೆ ಹೋಗಿ ಕುಳಿತಿತ್ತು. ಅದಲ್ಲ ರೋಗ, ಚಪ್ಪಟೆ ತಂತಿಪಟ್ಟಿ ಒಳಗೇ ತುಂಡಾಗಿತ್ತು. ಡಿಸ್ಕನ್ನು ಬಿಚ್ಚಿ, ಬೇರೊಂದು ಕೊಂಡಿಯಿಂದ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದ. ಮೊದಲು ಇಡೀ ಡಿಸ್ಕಿನ ನಕಲು ತೆಗೆದ. ಏನು ಮಾಡುವುದಿದ್ದರೂ ನಕಲಿನ ಮೇಲೆ, ಅಸಲನ್ನು ಮುಟ್ಟಕೂಡದು ಎಂಬುದು ಅವನ ಮಡಿ.

ನಕಲು ಮುಗಿಯಲು ಸಂಜೆಯಾಯಿತು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಅದು ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಅಪ್ಪನ 40 ಜಿಬಿ ಅದರ ಎಂಟು ಸಾವಿರದಷ್ಟು. ಅಷ್ಟು ದೊಡ್ಡ ಛತ್ರದಲ್ಲಿ ಅಮ್ಮನ ಪದಗಳು ಒಂದು ಮೂಲೆ.

ಆ ಮೂಲೆಯನ್ನು ತೆರೆಯಹೋದರೆ, ಪ್ರವೇಶವಿಲ್ಲ! "ತಾತ ಬೀಗ ಹಾಕಿದ್ದಾರೆ ಮಾವ" ಎಂದ. ಯಂತ್ರ ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ತಾನೇ ಕೊಟ್ಟ ಒಂದು ಉದ್ದನೆಯ ಅಂಕಿಯಿಂದ. ಹೊಸ ಯಂತ್ರಕ್ಕೆ ನಾನೂ ಪರಕೀಯ, ಮೊಮ್ಮಗನೂ ಪರಕೀಯ. ಅವನು ಒಡೆತನವನ್ನು ತನ್ನ ಹೆಸರಿಗೆ ಬರೆದುಕೊಂಡ. ತಹಸೀಲ್ದಾರರ ಕಚೇರಿಯಲ್ಲಿ ಖಾತೆ ಬದಲಾವಣೆ ಇಷ್ಟು ಬೇಗ ಆದದ್ದನ್ನು ನಾನು ಕಂಡಿಲ್ಲ.

ಬೀಗ ತೆರೆಯಿತು, ಆದರೆ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎದೆ ಧಸಕ್ಕೆಂದಿತು. ಹುಡುಗ ನಕ್ಕ. ಅಪ್ಪ ಬಳಸಿದ್ದು ನುಡಿಯ ಹಳೆಯ ಫಾಂಟು. ಆ ಕಾಲದಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿದ್ದವು. ಯೂನಿಕೋಡಿನಲ್ಲಿರುವಂತೆ ಪ್ರತಿಯೊಂದಕ್ಕೂ ಸ್ವಂತ ಸಂಖ್ಯೆ ಇರಲಿಲ್ಲ. ಆ ಫಾಂಟನ್ನು ಹಾಕಿದ್ದೇ ತಡ, ಸಾಲುಗಳೆಲ್ಲ ಕನ್ನಡವಾಗಿ ನಿಂತವು.

ರಾತ್ರಿ ಅಲ್ಲಿಯೇ ಉಳಿದು ಓದಿದೆ. ಹದಿನೇಳನೆಯ ಪದ ನಡುವಿನಲ್ಲೇ ನಿಂತಿದೆ. ಬರೀ ಚುಕ್ಕಿಗಳು, ಕೆಳಗೆ ಅಪ್ಪನ ಟಿಪ್ಪಣಿ: "ಇಲ್ಲಿ ಮರೆತಿದ್ದಾಳೆ. ಮತ್ತೆ ಕೇಳಬೇಕು."

ನಾಗಮಂಗಲದಲ್ಲಿ ಅಮ್ಮನ ತಂಗಿ ಇದ್ದಾರೆ. ಬರುವ ಭಾನುವಾರ ಹೊರಡುತ್ತೇನೆ.