ಆಟದ ಸಾಧನವೊಂದನ್ನು ಕೊಳ್ಳುವ ವಿಚಾರ

ಕೊಡೇಕಲ್ಲಿನ ನಮ್ಮ ಮನೆಯಲ್ಲಿ ಈಚೆಗೆ ಒಂದು ಚರ್ಚೆಯು ಹುಟ್ಟಿತು. ಇಂಥದು ಇತರರ ಮನೆಗಳಲ್ಲಿಯೂ ಹುಟ್ಟಬಹುದಾದುದರಿಂದ, ಅದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದಿಡುತ್ತೇವೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮೈದುನನು ತಾನು ಬಳಸಿದ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರವನ್ನು ನಮಗೆ ಕೊಟ್ಟಿರುವನು. ಹದಿಮೂರು ವರ್ಷದ ಮಗಳು ಈಗ ಅದಕ್ಕೆ ‘ಮೂವ್’ ಎಂಬ ಕಂಟ್ರೋಲರ್ ಬೇಕೆನ್ನುತ್ತಾಳೆ. ಸೋನಿ ಕಂಪನಿಯು 2010ರಲ್ಲಿ ಹೊರತಂದ ಈ ಸಾಧನವು ಒಂದು ಗಿಡ್ಡ ಕೋಲಿನಂತಿದ್ದು, ತುದಿಯಲ್ಲಿ ಬೆಳಗುವ ಗೋಲವೊಂದನ್ನು ಹೊಂದಿದೆ. ಟಿ.ವಿ.ಯ ಬಳಿಯಿಡುವ ಕ್ಯಾಮೆರಾವು ಆ ಗೋಲವು ಕಾಣುವ ಗಾತ್ರದಿಂದ ದೂರವನ್ನು ಅಳೆಯುತ್ತದೆ. ಕೋಲಿನೊಳಗಿನ ಸಂವೇದಕಗಳು ಕೈಯ ತಿರುವನ್ನೂ ವೇಗವನ್ನೂ ತಿಳಿಸುತ್ತವೆ. ಆಡುವವರು ಕೈ ಬೀಸಿದಂತೆ ಪರದೆಯ ಮೇಲಿನ ಆಟವೂ ನಡೆಯುತ್ತದೆ.

ಕೇಳಲು ಸೊಗಸಾದರೂ ಲೆಕ್ಕವು ಅಲ್ಲಿಗೆ ಮುಗಿಯದು. ಕ್ಯಾಮೆರಾವನ್ನು ಬೇರೆಯಾಗಿ ಕೊಳ್ಳಬೇಕು. ಪ್ಲೇಸ್ಟೇಷನ್ 4ರಲ್ಲಿ ಈ ಕೋಲನ್ನು ಬಳಸುವ ಆಟಗಳಲ್ಲಿ ಬಹುಪಾಲು, 2016ರಲ್ಲಿ ಬಂದ, ತಲೆಗೆ ಧರಿಸುವ ವಿ.ಆರ್. ಸಾಧನವನ್ನೂ ಬೇಡುತ್ತವೆ. ಇಂಥ ವಸ್ತುಗಳ ಆಯುಷ್ಯವೂ ಅಲ್ಪ. ಬರಿಗೈಯಿಂದಲೇ ಆಡಿಸುತ್ತಿದ್ದ ಮೈಕ್ರೋಸಾಫ್ಟ್ ಕಂಪನಿಯ ಕಿನೆಕ್ಟ್ ಸಾಧನವು 2010ರಲ್ಲಿ ಬಂದು, 2017ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿಕೊಂಡಿತು.

ದೇಹಕ್ಕೆ ವ್ಯಾಯಾಮವಾಗುವುದೆಂಬ ವಾದವನ್ನೂ ಪರಿಶೀಲಿಸಿದೆವು. ಅಮೆರಿಕೆಯ ಹ್ಯೂಸ್ಟನ್ ನಗರದ ಸಂಶೋಧಕರು 9ರಿಂದ 12 ವರ್ಷದ ಮಕ್ಕಳಿಗೆ ನಿಂಟೆಂಡೊ ವೀ ಯಂತ್ರವನ್ನು ಕೊಟ್ಟು 13 ವಾರ ಗಮನಿಸಿದರು. ಮೈ ಆಡಿಸುವ ಆಟಗಳನ್ನು ಪಡೆದ ಮಕ್ಕಳು, ಕುಳಿತು ಆಡುವ ಆಟಗಳನ್ನು ಪಡೆದವರಿಗಿಂತ ಒಟ್ಟಿನಲ್ಲಿ ಹೆಚ್ಚು ಚಟುವಟಿಕೆ ತೋರಲಿಲ್ಲವೆಂದು 2012ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕೋಲನ್ನು ಕೊಂಡ ಮಾತ್ರಕ್ಕೆ ಅದು ದೊರೆಯದು.

ಇಷ್ಟನ್ನು ಮಗಳಿಗೆ ವಿವರಿಸಿದಾಗ ಅವಳು, “ಅವ್ವಾ, ಹೊರಗ ಬ್ಯಾಡಂದ್ರ ಒಳಗಾದ್ರೂ ಆಡ್ಲಿಕ್ಕಿ ಬಿಡು” ಎಂದಳು. ನಾವು ಸುಮ್ಮನಾದೆವು. ಮೈನೆರೆದಂದಿನಿಂದ ಅವಳು ಬಯಲಿನಲ್ಲಿ ಓಡಬಾರದೆಂಬುದು ಮನೆಯ ಹಿರಿಯರ ಇಚ್ಛೆಯಾಗಿತ್ತು. ಅವಳ ತಮ್ಮನಾದರೋ ಕತ್ತಲಾಗುವವರೆಗೂ ಹೊರಗೆಯೇ ಆಡುತ್ತಾನೆ. ನಾವೆಲ್ಲರೂ ನಮ್ಮ ಶಾಲೆಯ ಅಂಗಳದಲ್ಲಿ ಖೋ ಖೋ ಆಡಿ ಬೆಳೆದವರಲ್ಲವೇ? ಅವಳು ಬೇಡುತ್ತಿದ್ದುದು ಯಂತ್ರದ ಹೆಸರಿನಲ್ಲಿ ಆ ಅಂಗಳವನ್ನೇ.

ಆ ರಾತ್ರಿ ಅತ್ತೆಯವರೊಡನೆ ಮಾತನಾಡಿದೆವು. ಅವರು ಬಹಳ ಹೊತ್ತು ಯೋಚಿಸಿ, ತಾವೇ ಕಟ್ಟೆಯ ಮೇಲೆ ಕುಳಿತು ನೋಡಿಕೊಳ್ಳುವುದಾದರೆ ಆಗಬಹುದೆಂದರು. ಈಗ ಸಂಜೆ ಐದು ಗಂಟೆಗೆ ನೆರೆಮನೆಯ ಇಬ್ಬರು ಹುಡುಗಿಯರೂ ಸೇರಿಕೊಳ್ಳುತ್ತಾರೆ. ಕಂಟ್ರೋಲರಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಥ್ರೋಬಾಲನ್ನೂ ಬಲೆಯನ್ನೂ ತಂದಿರುವೆವು. ಬಿಸಿಲು 40 ಡಿಗ್ರಿ ದಾಟುವ ದಿನಗಳಿಗೆಂದು ಜಸ್ಟ್ ಡ್ಯಾನ್ಸ್ ಎಂಬ ಕುಣಿತದ ಆಟವನ್ನು ತರಿಸಿದೆವು. ಅದರಲ್ಲಿ ಮನೆಯ ಮೊಬೈಲ್ ಫೋನನ್ನೇ ಕಂಟ್ರೋಲರಿನಂತೆ ಕೈಯಲ್ಲಿ ಹಿಡಿದು ಆಡಬಹುದು.

ಇದಾದ ಮೇಲೆಯೂ ಮಗಳು ಆ ಸಾಧನವನ್ನು ಬಯಸಿದಲ್ಲಿ ಬರುವ ದೀಪಾವಳಿಗೆ ಪುನಃ ವಿಚಾರಿಸುವುದಾಗಿ ಮಾತು ಕೊಟ್ಟಿರುವೆವು. ಪಾಲಕರೂ ತಮ್ಮ ಮಕ್ಕಳು ಬೇಡಿದ ವಸ್ತುವಿನ ಬೆಲೆಯನ್ನು ಕೇಳುವ ಮೊದಲು, ಅದು ಯಾವ ಕೊರತೆಯನ್ನು ತುಂಬಲಿರುವುದೆಂದು ಅವರನ್ನೇ ಕೇಳಬೇಕೆಂದು ನಮ್ಮ ವಿನಂತಿ.