ಕವಲೊಡೆದ ಸ್ವರ

ಹಳೆಯ ಧ್ವನಿಪೆಟ್ಟಿಗೆಯ ಹಿಂಬದಿಯ ತಿರುಪುಗಳನ್ನು ಬಿಚ್ಚಿ, ದಶಕಗಳ ಧೂಳಿನಡಿಯಲ್ಲಿ ಯಾರ ಕಣ್ಣಿಗೂ ಬೀಳದೆ, ಕೆಳದನಿಯನ್ನು ವೂಫರಿಗೂ ಮೇಲ್ದನಿಯನ್ನು ಟ್ವೀಟರಿಗೂ ಹಂಚುತ್ತ ದುಡಿಯುತ್ತಿರುವ ಕ್ರಾಸ್‌ಓವರನ್ನು ಬೆಳಕಿಗೆ ತರುವಾಗ ನನಗಾಗುವ ಹರ್ಷವು, ಅದೇ ಪೆಟ್ಟಿಗೆಯಿಂದ ಹೊಮ್ಮುವ ಸಂಗೀತದ ಹರ್ಷಕ್ಕಿಂತ ಕಿರಿದೇನಲ್ಲ. ತುಂಡು ಹಲಗೆಯೊಂದರ ಮೇಲೆ ಎರಡು ತಾಮ್ರದ ಸುರುಳಿ, ಎರಡು ಕೆಪಾಸಿಟರು, ಟ್ವೀಟರಿನ ದನಿ ತಗ್ಗಿಸಲು ಒಂದು ರೆಸಿಸ್ಟರು. ಇಷ್ಟೇ ಅದರ ಸಂಸಾರ. ಒಂದರ ಕಾಂತಕ್ಷೇತ್ರವು ಇನ್ನೊಂದನ್ನು ಸೋಂಕದಿರಲೆಂದು ಒಂದು ಸುರುಳಿಯನ್ನು ಮಲಗಿಸಿ ಮತ್ತೊಂದನ್ನು ನಿಲ್ಲಿಸಿರುವ ಆ ಹಳಬರ ವಿವೇಕವನ್ನು ನೋಡಿಯೇ ಅರ್ಧ ಸಂಜೆ ಕಳೆಯಬಹುದು.

8 ಓಮಿನ ಟ್ವೀಟರಿಗೆ 6.8 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಸರಣಿಯಲ್ಲಿ ಸೇರಿಸಿದರೆ ಸುಮಾರು 2900 ಹರ್ಟ್ಸಿನಲ್ಲಿ ಕವಲು ಏರ್ಪಡುವುದೆಂಬುದು ಲೆಕ್ಕದ ಮಾತು. ಆದರೆ ಹೊಲದ ಮಡೆ ಕಟ್ಟಿದ ಮೇಲೂ ನೀರು ಜಿನುಗುವಂತೆ, ನಾದವು ಆ ಗಡಿಯಾಚೆಗೂ ಅಷ್ಟಷ್ಟು ಸೋರುತ್ತ, ಸಪ್ತಕಕ್ಕೆ 6 ಡೆಸಿಬೆಲ್ಲಿನಂತೆ, ಸುರುಳಿಯೂ ಜೊತೆಗೂಡಿದರೆ 12ರಂತೆ ಕ್ಷೀಣಿಸುವುದು. 12ರ ವಿನ್ಯಾಸದಲ್ಲಿ ಎರಡು ಕವಲುಗಳ ತರಂಗಗಳು ಗಡಿಯಲ್ಲಿ ಪರಸ್ಪರ ವಿರುದ್ಧವಾಗುವುದರಿಂದ, ಟ್ವೀಟರಿನ ತಂತಿಗಳನ್ನು ಬೇಕೆಂದೇ ತಿರುವುಮುರುವಾಗಿ ಬೆಸೆದಿರುತ್ತಾರೆ. ಅದನ್ನು ಪ್ರಮಾದವೆಂದು ಬಗೆದು ತಿದ್ದಿ ಕೊಡುವ ಮಹನೀಯರೂ ಉಂಟು.

ಮಲ್ಲಿಕಾರ್ಜುನ ಮನ್ಸೂರರು ವಚನವನ್ನು ತಾರಷಡ್ಜಕ್ಕೆ ಒಯ್ದಾಗಲೂ ಮೂಲಸ್ವರವು 1000 ಹರ್ಟ್ಸಿನ ಕೆಳಗೇ ಉಳಿಯುವುದರಿಂದ, ಕಂಠವೆಲ್ಲ ಬಹುಮಟ್ಟಿಗೆ ವೂಫರಿನದೇ. ಟ್ವೀಟರಿಗೆ ದಕ್ಕುವುದು ಸಕಾರ ಚಕಾರಗಳ ಅಂಚು, ತಂಬೂರಿಯ ಜವಾರಿಯ ಮಿನುಗು. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಹಾದಿಯ ತೊರವಿಯ ಬಳಿ 1599ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಲಾಲಿಸಿದ ಎರಡನೆಯ ಇಬ್ರಾಹಿಂ ಆದಿಲಶಾಹನು ಆ ಮಿನುಗಿನ ಬೆಲೆಯನ್ನು ಬಲ್ಲವನಾಗಿದ್ದಿರಬೇಕು. ಕವಲಿನ ಲೆಕ್ಕ ತಪ್ಪಿದರೆ ವಚನವನ್ನು ಒಬ್ಬರೂ ಅದರ ಸಕಾರಗಳನ್ನು ಬೇರೊಬ್ಬರೂ ನುಡಿದಂತೆ ಕೇಳಿಸುವುದು.

ಕಾಲಕ್ಕೆ ಮೊದಲು ಸೋಲುವವು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಒಳಗಿನ ದ್ರವ ಆರಿದಂತೆ ಅವುಗಳ ಗುಣ ಕೆಡುತ್ತದೆ. ಅವುಗಳ ಬದಲು ಫಿಲ್ಮ್ ಕೆಪಾಸಿಟರು ಹಾಕುವವರು ಜೊತೆಗೆ ಅರ್ಧ ಓಮಿನ ರೆಸಿಸ್ಟರನ್ನೂ ಸೇರಿಸುವುದು ಲೇಸು. ಇಲ್ಲವಾದರೆ ಟ್ವೀಟರು ವಾಚಾಳಿಯಾದೀತು. ಸುರುಳಿಗೆ ಮುಪ್ಪಿಲ್ಲ, ಅದನ್ನು ಮುಟ್ಟಬಾರದು. ಆದರೂ ಯಾರೋ ತಾಮ್ರದಾಸೆಗೆ ಕಿತ್ತೊಯ್ದ ಸುರುಳಿಯೊಂದರ ಸಲುವಾಗಿ ನಾನು ಬಬಲೇಶ್ವರದಲ್ಲಿ ಪಂಪ್‌ಸೆಟ್ ಮೋಟರು ಸುತ್ತುವ ಅಂಗಡಿಗೆ ಹೋಗಬೇಕಾಯಿತು. ಜೋಡಿ ಪೆಟ್ಟಿಗೆಯ ಸುರುಳಿಯನ್ನು ಮಾದರಿಗೆಂದು ಕೊಟ್ಟೆನು. ಹುಡುಗನು ಅದನ್ನು ಅಂಗೈಯಲ್ಲಿ ತಿರುಗಿಸಿ, “ಸರ, ಎಷ್ಟು ಎಚ್‌ಪಿ ಮೋಟರಿಂದ್ರೀ ಇದು?” ಎಂದನು. “ಇದು ಹಾಡೋ ಮೋಟರಿಂದೋ ತಮ್ಮಾ” ಎಂದೆನು. ಅವನು ನಗಲಿಲ್ಲ, ಸುತ್ತುಗಳನ್ನು ಬಾಯಲ್ಲೇ ಎಣಿಸುತ್ತ ಸುತ್ತಿ ಮುಗಿಸಿ, ತಂತಿಯನ್ನು ತೂಗಿ ರೊಕ್ಕ ಹೇಳಿದನು.